ಗೊಂಬೆಗೆ ಮುದ್ದು, ಪ್ರಾಣಿಗೆ ಗುಂಡು

2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ದಕ್ಕಿದೆಯಲ್ಲ, ಅದರ ಮ್ಯಾಸ್ಕಾಟ್, ಅಂದರೆ ಲಾಂಛನದ ಗೊಂಬೆ, ಗುಜರಾತಿನ ಗಿರ್ ಕಾಡಿನ ಸಿಂಹವೇ ಆಗಬೇಕೆಂದು ಸ್ನೇಹಿತರೊಬ್ಬರು ಹಾಕಿದ ಪೋಸ್ಟಿನ ಕೆಳಗೆ, ಪೇಟ ಸುತ್ತಿಕೊಂಡು ಹಲ್ಲು ಕಿರಿಯುವ ಸಿಂಹಗಳ ಚಿತ್ರಗಳು ಸಾಲುಗಟ್ಟಿರುವುದನ್ನು ನೋಡಿ ಮೈಯುರಿಯಿತು. ಕಾಡುಪ್ರಾಣಿಯ ಮಾತು ಬಂದರೆ ನನ್ನ ತಲೆ ಕೆಡುತ್ತದೆಂಬುದು ನಿಮಗೆ ಹೊಸದೇನಲ್ಲ. ಬೇಡವಾದವರು ಮುಂದಿನ ಪೋಸ್ಟಿಗೆ ಹೋಗಬಹುದು.

ಆಟ ನಡೆಸುವ ಊರುಗಳಿಗೆ ಪ್ರಾಣಿಯ ಗೊಂಬೆ ಬೇಕು, ಪ್ರಾಣಿ ಬೇಡ. 2016ರ ಜೂನ್‌ನಲ್ಲಿ ರಿಯೊ ಒಲಿಂಪಿಕ್ಸ್‌ನ ಜ್ಯೋತಿ ಬ್ರೆಜಿಲ್‌ನ ಮನೌಸ್ ನಗರಕ್ಕೆ ಬಂದಾಗ, ಚಿರತೆಯನ್ನು ಹೋಲುವ ಜುಮಾ ಎಂಬ ಜಾಗ್ವಾರ್‌ಗೆ ಸರಪಳಿ ಬಿಗಿದು ಜ್ಯೋತಿಯ ಪಕ್ಕದಲ್ಲಿ ಪ್ರದರ್ಶನಕ್ಕಿಟ್ಟರು. ಸಮಾರಂಭ ಮುಗಿದ ಮೇಲೆ ಅದು ತಪ್ಪಿಸಿಕೊಂಡಿತು; ಅರಿವಳಿಕೆ ಚುಚ್ಚಿದರೂ ಸೈನಿಕನೊಬ್ಬನತ್ತ ಬಂತೆಂದು ಪಿಸ್ತೂಲಿನಿಂದ ಹೊಡೆದು ಕೊಂದರು. ಆಗ ಬ್ರೆಜಿಲ್ ತಂಡದ ಮ್ಯಾಸ್ಕಾಟ್ ಯಾವುದು ಗೊತ್ತೆ? ಗಿಂಗಾ ಎಂಬ ನಗುಮುಖದ ಜಾಗ್ವಾರ್!

ನಾವೇನು ಕಡಿಮೆಯೆ? 1982ರ ದೆಹಲಿ ಏಷ್ಯಾಡ್‌ನ ಮ್ಯಾಸ್ಕಾಟ್ ಅಪ್ಪು ನನಗೆ ಇಂದಿಗೂ ಪ್ರಾಣ. ಆ ಆನೆಮರಿಯ ಚಿತ್ರ ಕಂಡರೆ ಈ ಸಿಡುಕು ಮೂತಿಯೂ ಅರಳುತ್ತದೆ. ಆದರೆ ಅಪ್ಪುವಿಗೆ ಮಾದರಿಯಾದ ಕೇರಳದ ಕುಟ್ಟಿನಾರಾಯಣನ್ ಎಂಬ ಆನೆ, ಮುಂದೆ ಶೌಚಗುಂಡಿಗೆ ಬಿದ್ದು ಕಾಲು ಮುರಿದುಕೊಂಡು, ಆ ಗಾಯ ಪೂರ್ತಿ ಮಾಯದೆಯೇ 2005ರಲ್ಲಿ ಸತ್ತಿತು. ಅಷ್ಟು ಹೊತ್ತಿಗೆ ದೆಹಲಿಯಲ್ಲಿ ಅಪ್ಪುಘರ್ ಎಂಬ ಮನರಂಜನಾ ಪಾರ್ಕು ಎದ್ದು ವರ್ಷಗಳೇ ಕಳೆದಿದ್ದವು.

ಗೊಂಬೆಯಿಂದಲೇ ಮಕ್ಕಳಿಗೆ ಪ್ರಾಣಿಪ್ರೀತಿ ಹುಟ್ಟುತ್ತದೆ ಎಂದು ಒಬ್ಬರು ಬುದ್ಧಿ ಹೇಳಿದರು. ಮಕ್ಕಳಿಗೆ ಹುಟ್ಟೀತು, ಗುತ್ತಿಗೆ ಕೊಡುವ ದೊಡ್ಡವರಿಗೆ? 2018ರಲ್ಲಿ ದಕ್ಷಿಣ ಕೊರಿಯದ ಪ್ಯೊಂಗ್‌ಚಾಂಗ್ ಪ್ಯಾರಾಲಿಂಪಿಕ್ಸ್‌ಗೆ ಬಂಡಾಬಿ ಎಂಬ ಕಪ್ಪು ಕರಡಿಯನ್ನು ಮ್ಯಾಸ್ಕಾಟ್ ಮಾಡಿಕೊಂಡವರೇ, ಸ್ಕೀಯಿಂಗ್ ಇಳಿಜಾರಿಗಾಗಿ ಗರಿವಾಂಗ್ ಬೆಟ್ಟದ ಹಳೆಯ ಕಾಡನ್ನು ಬೋಳಿಸಿದರು. ಕರಡಿ ಎಲ್ಲಿರಬೇಕಂತೆ, ಅಂಗಡಿಯ ಕಪಾಟಿನಲ್ಲೆ?

ಇನ್ನು ನಿಮ್ಮ ಸಿಂಹ. ಏಷ್ಯಾದ ಸಿಂಹಗಳು ಕಾಡಿನಲ್ಲಿ ಉಳಿದಿರುವುದು ಗುಜರಾತಿನಲ್ಲಿ ಮಾತ್ರ. ಒಂದು ಸಾಂಕ್ರಾಮಿಕ ರೋಗ ಬಂದರೆ ಇಡೀ ಸಂತತಿಗೇ ಕುತ್ತು ಎಂಬ ಕಾರಣಕ್ಕೆ, ಕೆಲವನ್ನು ಮಧ್ಯಪ್ರದೇಶದ ಕುನೊ ಕಾಡಿಗೆ ಒಯ್ಯಬೇಕೆಂದು 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿ, ಅದಕ್ಕೆ ಆರು ತಿಂಗಳ ಗಡುವನ್ನೂ ಕೊಟ್ಟಿತು. ಸಿಂಹ ನಮ್ಮ ಹೆಮ್ಮೆ ಎಂದು ಗುಜರಾತ್ ಪಟ್ಟು ಹಿಡಿದಿತ್ತು, ಒಂದೂ ಹೋಗಲಿಲ್ಲ. 2018ರಲ್ಲಿ ಹೇಳಿದಂತೆಯೇ ರೋಗ ಬಂದು, ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತವು. ಕುನೊದಲ್ಲಿ ಈಗ ಆಫ್ರಿಕದ ಚೀತಾಗಳಿವೆ. ಇಷ್ಟಾದ ಮೇಲೂ ಸಿಂಹಕ್ಕೆ ಪೇಟ ಸುತ್ತಿ ಕುಣಿಸುವ ಆಸೆ ನಿಮಗಿದ್ದರೆ ನಿಮ್ಮ ಗಟ್ಟಿಗುಂಡಿಗೆಗೆ ನನ್ನ ನಮಸ್ಕಾರ.

ಪ್ಯಾರಿಸ್ಸಿನವರು 2024ರಲ್ಲಿ ಪ್ರಾಣಿಯ ಗೊಡವೆಯೇ ಬೇಡವೆಂದು, ತಮ್ಮ ಕ್ರಾಂತಿಯ ಕೆಂಪು ಟೋಪಿಗೇ ಕೈಕಾಲು ಅಂಟಿಸಿದರು. ನೋಡಲು ಚೆಂದವಿರಲಿಲ್ಲ, ಆದರೆ ಟೋಪಿಯನ್ನು ಯಾರೂ ಸರಪಳಿಯಲ್ಲಿ ಕಟ್ಟಿ ನಿಲ್ಲಿಸುವುದಿಲ್ಲವಲ್ಲ. ಅಹಮದಾಬಾದಿನವರು ಗಾಳಿಪಟವನ್ನು ಆರಿಸಿಕೊಳ್ಳಲಿ ಎಂದು ಬರೆಯಹೊರಟಿದ್ದೆ; ಪ್ರತಿ ಜನವರಿಯ ಗಾಳಿಪಟದ ಹಬ್ಬದಲ್ಲೂ ಅದರ ಮಾಂಜಾ, ಅಂದರೆ ಗಾಜಿನ ಪುಡಿ ಹಚ್ಚಿದ ದಾರ, ಹಕ್ಕಿಗಳ ರೆಕ್ಕೆ, ಕತ್ತು ಕೊಯ್ಯುವುದು ನೆನಪಾಗಿ ಆ ಮಾತನ್ನೂ ನುಂಗಿಕೊಂಡೆ.