ಸೋರುವ ತನಕ ಕಾಯಬೇಡಿ, ಬ್ರೇಕ್ ಪೈಪಿಗೆ ತುಂಡು ಜೋಡಿಸಬೇಡಿ

ನಾನು ಕಲಬುರಗಿಯವನು, ಈಗ ಜರ್ಮನಿಯಲ್ಲಿದ್ದೇನೆ. ಎರಡೂ ಕಡೆ ನನ್ನದು ಹಳೇ ಗಾಡಿಯೇ.

ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಹಾಕುತ್ತಾರೆ. ಆ ನೀರು ಗಾಡಿಯ ಕೆಳಗೆ ಸಿಡಿದು, ಬ್ರೇಕ್ ಆಯಿಲನ್ನು ಚಕ್ರಗಳಿಗೆ ಒಯ್ಯುವ ಉಕ್ಕಿನ ಬ್ರೇಕ್ ಪೈಪನ್ನು ತಿನ್ನುತ್ತದೆ. ಹೊಸ ಕಾರಿಗೆ 3 ವರ್ಷಕ್ಕೆ, ಆಮೇಲೆ 2 ವರ್ಷಕ್ಕೊಮ್ಮೆ ತಪಾಸಣೆ ಕಡ್ಡಾಯ. ಪೈಪಿನ ತುಕ್ಕು ಆಳಕ್ಕಿಳಿದಿದ್ದರೆ ಪಾಸ್ ಮಾಡುವುದಿಲ್ಲ. ನಮ್ಮಲ್ಲಿ ಸ್ವಂತ ಕಾರಿನ ನೋಂದಣಿ 15 ವರ್ಷ ನಡೆಯುತ್ತದೆ. ಅಲ್ಲಿಯ ತನಕ ಕೆಳಗೆ ಬಗ್ಗಿ ನೋಡಿ ಎಂದು ಯಾರೂ ಕೇಳುವುದಿಲ್ಲ.

ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಊರಲ್ಲಿ ಎಲ್ಲಿಯ ತುಕ್ಕು ಅನ್ನುತ್ತಾರೆ. ಮಳೆಗಾಲದಲ್ಲಿ ತೊಗರಿ ಹೊಲದ ದಾರಿ ತುಳಿದು ಬಂದ ಗಾಡಿಯನ್ನು ಒಮ್ಮೆ ಎತ್ತಿ ನೋಡಿ. ಪೈಪ್ ಹಿಡಿದಿರುವ ಕ್ಲಿಪ್ಪುಗಳಲ್ಲಿ ಎರೆಮಣ್ಣು ಮೆತ್ತಿಕೊಂಡು ಕೂತಿರುತ್ತದೆ, ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ತೇವ ಹಾಗೇ ಇರುತ್ತದೆ, ತುಕ್ಕು ಶುರುವಾಗುವುದು ಅಲ್ಲೇ. ಬ್ರೇಕ್ ಆಯಿಲ್ ಕೂಡ ಗಾಳಿಯ ತೇವ ಹೀರುತ್ತದೆ. ವರ್ಷಗಟ್ಟಲೆ ಬದಲಿಸದಿದ್ದರೆ ಪೈಪ್ ಒಳಗಿನಿಂದಲೂ ಹಾಳಾಗುತ್ತದೆ.

ನಮ್ಮೂರ ಮಿಸ್ತ್ರಿಗಳ ಕೈಕೆಲಸದ ಬಗ್ಗೆ ನನಗೆ ತುಂಬಾ ಗೌರವ. ಹಳೇ ಪೈಪನ್ನು ಪಕ್ಕದಲ್ಲಿಟ್ಟು, ಅದರ ತಿರುವು ನೋಡುತ್ತಲೇ ಹೊಸದನ್ನು ಬಗ್ಗಿಸಿಬಿಡುತ್ತಾರೆ. ಇಲ್ಲಿ ಅದೇ ಕೆಲಸಕ್ಕೆ ಕೂಲಿ ಎಷ್ಟು ಜಾಸ್ತಿ ಅಂದರೆ, ಗಟ್ಟಿಯಿರುವ ಕಾರು ಕೂಡ ಗುಜರಿಗೆ ಹೋಗುತ್ತದೆ. ಇದು ನನಗೆ ಒಪ್ಪಿಗೆಯಿಲ್ಲ.

ಆದರೆ ಸೋರುವ ಜಾಗವಷ್ಟೇ ಕತ್ತರಿಸಿ ತುಂಡು ಬೆಸೆಯುವುದು, ಇಲ್ಲವೇ ಫ್ರಿಜ್ ರಿಪೇರಿಯ ತಾಮ್ರದ ಪೈಪ್ ಹಾಕಿ "ಏನ್ ಆಗಂಗಿಲ್ರಿ ಸಾಹೇಬ್ರ, ನಡೀತದ" ಅನ್ನುವುದು ಬಿಡಬೇಕು. ಜೋರಾಗಿ ಬ್ರೇಕ್ ಒತ್ತಿದಾಗ ಆ ಪೈಪಿನೊಳಗಿನ ಒತ್ತಡ ಟೈರಿನ ಗಾಳಿಗಿಂತ ಹತ್ತಾರು ಪಟ್ಟು ಇರುತ್ತದೆ. ಬರೀ ತಾಮ್ರ ಅದುರಿ ಅದುರಿ ಪೆಡಸಾಗಿ ಬಿರುಕು ಬಿಡುತ್ತದೆ. ಒಂದು ಕಡೆ ತೂತಾದ ಪೈಪ್ ಉಳಿದ ಕಡೆ ಗಟ್ಟಿ ಇದೆ ಎಂದು ಹೇಗೆ ನಂಬುವುದು? ಈಗಿನ ಕಾರುಗಳಲ್ಲಿ ಬ್ರೇಕ್ ಎರಡು ಭಾಗವಾಗಿರುತ್ತದೆ, ಒಂದು ಹೋದರೆ ಇನ್ನೊಂದಿದೆ ಅಲ್ವಾ ಅನ್ನಬಹುದು. ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿ ಹಿಂದೆ ಹೋಗುವಾಗ ಅರ್ಧ ಬ್ರೇಕ್ ಸಾಲುವುದಿಲ್ಲ.

ಒಂದು ತುದಿಯಿಂದ ಇನ್ನೊಂದು ತುದಿಗೆ ಪೂರ್ತಿ ಪೈಪ್ ಬದಲಿಸಿ. ತಾಮ್ರ ಮತ್ತು ನಿಕಲ್ ಬೆರೆಸಿದ ಪೈಪ್ ಸಿಕ್ಕರೆ ಅದೇ ಒಳ್ಳೆಯದು. ಕಾರುಗಳಿಗೆ ಸಾಮಾನ್ಯವಾಗಿ 4.75 ಮಿ.ಮೀ. ಅಳತೆಯದು ಬರುತ್ತದೆ, ಸುಲಭವಾಗಿ ಬಗ್ಗುತ್ತದೆ, ಉಕ್ಕಿನ ಹಾಗೆ ತುಕ್ಕು ಹಿಡಿಯುವುದಿಲ್ಲ. ತುದಿಯ ಫ್ಲೇರ್, ಅಂದರೆ ಜೋಡಿಸಲು ಅಗಲಿಸಿ ಮಡಿಸಿದ ಬಾಯಿ, ಹಳೆಯದರಲ್ಲಿ ಇದ್ದ ಹಾಗೇ ಇರಬೇಕು, ಎರಡು ಮಡಿಕೆ ಇದ್ದಲ್ಲಿ ಒಂದೇ ಮಡಿಕೆ ಹಾಕಿದರೆ ಅದು ಸೀಳುತ್ತದೆ. ಕೊನೆಗೆ ಹೊಸ ಆಯಿಲ್ ತುಂಬಿ ನಾಲ್ಕೂ ಚಕ್ರದ ಬ್ರೇಕಿನೊಳಗೆ ಸಿಕ್ಕಿಕೊಂಡ ಏರ್ ತೆಗೆಸಿ.

ಮಳೆ ಮುಗಿದ ಮೇಲೆ ಸರ್ವೀಸಿಗೆ ಬಿಟ್ಟಾಗ ಕ್ಲಿಪ್ಪುಗಳ ಮಣ್ಣು ತೊಳೆಸಿ, ಗಾಡಿ ಮೇಲಿರುವಾಗಲೇ "ಪೈಪ್ ತೋರಿಸ್ರಿ ಅಣ್ಣಾ" ಅಂತ ಕೇಳಿ.