ನಿರಾಕರಣೆಯೂ ಪಾಸಿಟಿವ್‌ನಷ್ಟೇ ಗಂಭೀರ
ಅಮೆರಿಕದ ಟ್ರಕ್ ಚಾಲಕರ ಮಾದಕ ವಸ್ತು ಮತ್ತು ಮದ್ಯ ಪರೀಕ್ಷೆಯ ಬಗ್ಗೆ ಓದಿದರೆ, ಪಾಸಿಟಿವ್ (ಮಾದಕ ಪತ್ತೆ) ಬಂದವರಿಗಷ್ಟೇ ಕೆಲಸ ಹೋಗುವ ಭಯ ಅನ್ನಿಸುತ್ತದೆ. ಹಾಗಲ್ಲ. ಪರೀಕ್ಷೆ ಶುರುವಾದ ಮೇಲೆ ಮಧ್ಯದಲ್ಲಿ ಎದ್ದುಹೋದರೆ ಅದು ನಿರಾಕರಣೆ. ಪಾಸಿಟಿವ್‌ನಂತೆಯೇ ಆ ಕ್ಷಣದಿಂದ ಚಾಲನೆ ಬಂದ್.

ಮೂತ್ರ ಕನಿಷ್ಠ 45 ಮಿಲಿಲೀಟರ್ ಬೇಕು: ಒಂದು ಬಾಟಲಿಗೆ 30, ಇನ್ನೊಂದಕ್ಕೆ 15. ಕೊಟ್ಟ 4 ನಿಮಿಷದೊಳಗೆ ಉಷ್ಣತೆ ನೋಡುತ್ತಾರೆ. ಅದು 32ರಿಂದ 38 ಡಿಗ್ರಿ ಸೆಲ್ಸಿಯಸ್ ವ್ಯಾಪ್ತಿಯ ಹೊರಗಿದ್ದರೆ, ಮತ್ತೊಂದು ಮಾದರಿಯನ್ನು ಸಿಬ್ಬಂದಿಯ ಕಣ್ಣೆದುರೇ ಕೊಡಬೇಕು. ಮೂತ್ರ ಸಾಲದಿದ್ದರೆ ಗಾಬರಿಯಾಗಿ ಹೊರಡಬೇಡಿ. 3 ಗಂಟೆ ಸಮಯವಿದೆ, ಸುಮಾರು 1.2 ಲೀಟರ್‌ವರೆಗೆ ನೀರು ಕುಡಿಯಬಹುದು. ಆಗಲೂ ಆಗದಿದ್ದರೆ 5 ಕೆಲಸದ ದಿನದೊಳಗೆ ವೈದ್ಯರ ತಪಾಸಣೆ. ವೈದ್ಯಕೀಯ ಕಾರಣ ಸಿಗದಿದ್ದರೆ ಅದೂ ನಿರಾಕರಣೆಯೇ.

ಮದ್ಯಕ್ಕಾಗಿ ಮಾಡುವ ಉಸಿರಿನ ಪರೀಕ್ಷೆಯಲ್ಲಿ ಆಲ್ಕೋಹಾಲ್ ಮಟ್ಟ 0.02 (210 ಲೀಟರ್ ಉಸಿರಿಗೆ ಇಷ್ಟು ಗ್ರಾಂ) ಅಥವಾ ಹೆಚ್ಚು ಬಂದರೆ ಕನಿಷ್ಠ 15 ನಿಮಿಷ ಬಿಟ್ಟು ಮತ್ತೆ ಊದಿಸುತ್ತಾರೆ. ಮೌತ್‌ವಾಶ್‌ನಿಂದ ಬಾಯಲ್ಲುಳಿದ ಆಲ್ಕೋಹಾಲ್ ಅಷ್ಟರಲ್ಲಿ ಆರುತ್ತದೆ. ಆಗಲೂ 0.04 ಮುಟ್ಟಿದರೆ ನಿಯಮಭಂಗ. ಅದಕ್ಕಿಂತ ಕಡಿಮೆ, ಆದರೆ 0.02ಕ್ಕಿಂತ ಕೆಳಗಿಲ್ಲದಿದ್ದರೆ ಟ್ರಕ್ ಚಾಲಕರು 24 ಗಂಟೆ ಸ್ಟೀರಿಂಗ್ ಮುಟ್ಟುವಂತಿಲ್ಲ.

ಗಾಂಜಾಕ್ಕೆ ರಾಜ್ಯ ಅನುಮತಿಸಿದ್ದರೂ, ವೈದ್ಯರ ಚೀಟಿಯಿದ್ದರೂ ಇಲ್ಲಿ ನಡೆಯದು. ಫಲಿತಾಂಶದ ಮೇಲೆ ಸಂಶಯವಿದ್ದರೆ, ಲ್ಯಾಬ್ ಫಲಿತಾಂಶ ಪರಿಶೀಲಿಸುವ ವೈದ್ಯರು ತಿಳಿಸಿದ 72 ಗಂಟೆಯೊಳಗೆ ಆ 15 ಮಿಲಿಲೀಟರ್ ಬಾಟಲಿಯನ್ನು ಬೇರೆ ಲ್ಯಾಬ್‌ಗೆ ಕಳಿಸಲು ಕೇಳಿ.