ಕುರ್ಚಿ ಬೇಡ ಅಂದ ದೊಡ್ಡಪ್ಪ

1989ರ ಬೇಸಿಗೆಯಲ್ಲಿ ನಮ್ಮಜ್ಜ ಒಂದು ಜೊತೆ ಎತ್ತು ಮಾರಿ ಸೊಸೈಟಿ ಸಾಲ ತೀರಿಸಿದರು. ಜಪ್ತಿಗೆ ಬರುತ್ತೇವೆ ಅಂತ ನೋಟಿಸು ಬಂದಿತ್ತು. ಊರವರ ಎದುರು ಪಾತ್ರೆಪಗಡೆ ಹೊರಗೆ ಹಾಕಿಸಿಕೊಳ್ಳೋದಕ್ಕಿಂತ ಎತ್ತು ಹೋದರೆ ಹೋಗಲಿ ಅಂದರಂತೆ. ಪಕ್ಕದ ಹೊಲದವರಿಗೂ ಅದೇ ನೋಟಿಸು ಬಂದಿತ್ತು. ಅವರು ಅದನ್ನು ಮಡಚಿ ಸೂರಿಗೆ ಸಿಕ್ಕಿಸಿ ಸುಮ್ನಿದ್ದರು.

ಮರುವರ್ಷ ದಿಲ್ಲಿಯಿಂದ ಸಾಲ ಮನ್ನಾ ಬಂತು. 1989ರ ಅಕ್ಟೋಬರ್ 2ಕ್ಕೆ ಸುಸ್ತಿಯಾಗಿದ್ದ ಸಾಲ, ಒಬ್ಬರಿಗೆ 10,000 ರೂಪಾಯಿವರೆಗೆ. ಪಕ್ಕದವರ ಸಾಲ ಹೋಯಿತು, ಎತ್ತು ಉಳಿಯಿತು. ನಮ್ಮ ಮನೆಯಲ್ಲಿ ಸಾಲವೂ ಇರಲಿಲ್ಲ, ಎತ್ತೂ ಇರಲಿಲ್ಲ.

ಪ್ರಧಾನಿ ವಿ.ಪಿ. ಸಿಂಗ್ ಆಗಿದ್ದರೂ ಆ ಮನ್ನಾಕ್ಕೆ ಪಟ್ಟು ಹಿಡಿದು ನಿಂತ ಮುಖ ದೇವಿಲಾಲ್ ಅವರದು. ಆಗ ಉಪಪ್ರಧಾನಿ, ಕೃಷಿ ಖಾತೆಯೂ ಅವರದೇ. ಹರಿಯಾಣದವರು ಅವರನ್ನು ‘ತಾಊ’ ಅಂತ ಕರೆಯುತ್ತಿದ್ದರು. ಅಂದರೆ ದೊಡ್ಡಪ್ಪ. ಕನ್ನಡದಲ್ಲಿ ಬರೆದರೆ ‘ತಾವು’ ಅಂತ ಓದಿಸಿಕೊಳ್ಳುತ್ತೆ. ಇರಲಿ ಬಿಡಿ, ಅವರಿಗೆ ಅದೂ ಸಲ್ಲುತ್ತೆ.

ಈ ದೊಡ್ಡಪ್ಪನ ಬಗ್ಗೆ ನನಗೆ ಸಿಟ್ಟೂ ಇದೆ, ಪ್ರೀತಿಯೂ ಇದೆ. ಎರಡನ್ನೂ ಬರೆದುಬಿಡ್ತೀನಿ.

ಅವರು ಬಡ ರೈತರ ಮಗ ಏನಲ್ಲ. 1914ರಲ್ಲಿ ಹುಟ್ಟಿದ್ದು ತೇಜಾಖೇಡಾ ಅನ್ನೋ ಊರಲ್ಲಿ, ಈಗಿನ ಸಿರ್ಸಾ ಜಿಲ್ಲೆ. ದೊಡ್ಡ ಜಮೀನಿದ್ದ ಮನೆತನ. ಹದಿಹರೆಯದಲ್ಲೇ ಓದು ಬಿಟ್ಟು ಸ್ವಾತಂತ್ರ್ಯ ಹೋರಾಟಕ್ಕೆ ಇಳಿದರು, 1930ರಲ್ಲಿ ಜೈಲಿಗೂ ಹೋದರು. ಸ್ವಾತಂತ್ರ್ಯ ಬಂದ ಮೇಲೆ ಗೇಣಿದಾರರ ಪರ ನಿಂತರು. ಜಮೀನ್ದಾರರ ಮನೆಯ ಹುಡುಗ ಜಮೀನ್ದಾರರ ವಿರುದ್ಧವೇ ಗೇಣಿದಾರರನ್ನು ಕಟ್ಟಿಕೊಂಡು ಬೀದಿಗಿಳಿದರೆ ಮನೆಯಲ್ಲಿ ಊಟಕ್ಕೆ ಕೂತಾಗ ಏನು ಮಾತು ನಡೆದಿರಬಹುದು ಅಂತ ನನಗೆ ಕುತೂಹಲ.

ಆಮೇಲೆ ಪಂಜಾಬ್ ವಿಧಾನಸಭೆ. 1966ರಲ್ಲಿ ಹರಿಯಾಣ ಬೇರೆಯಾಯಿತು. 1971ರಲ್ಲಿ ಕಾಂಗ್ರೆಸ್ ಬಿಟ್ಟರು. ತುರ್ತು ಪರಿಸ್ಥಿತಿಯಲ್ಲಿ ಮತ್ತೆ ಜೈಲು, 1977ರಲ್ಲಿ ಮುಖ್ಯಮಂತ್ರಿ. ಎರಡೇ ವರ್ಷಕ್ಕೆ ಅವರದೇ ಪಕ್ಷದ ಭಜನ್‌ಲಾಲ್, ದೇವಿಲಾಲರ ಕಾಲು ಎಳೆದು ಕುರ್ಚಿ ಹತ್ತಿದರು. ಅದೇ ಭಜನ್‌ಲಾಲ್ 1980ರಲ್ಲಿ ಇಡೀ ಸರ್ಕಾರವನ್ನೇ ಎತ್ತಿಕೊಂಡು ಕಾಂಗ್ರೆಸ್ಸಿಗೆ ನಡೆದರು. ರೆಸಾರ್ಟ್ ರಾಜಕೀಯ ನಮ್ಮದೇ ಆವಿಷ್ಕಾರ ಅಂತ ಬೀಗೋರು ಒಮ್ಮೆ ಹರಿಯಾಣದ ಚರಿತ್ರೆ ಓದಬೇಕು. 1982ರಲ್ಲಿ ಯಾರಿಗೂ ಬಹುಮತ ಬರಲಿಲ್ಲ. ದೇವಿಲಾಲ್ ತಮ್ಮ ಶಾಸಕರನ್ನು ಬೆಟ್ಟದ ತಪ್ಪಲಿನ ಪರ್ವಾನೂದಲ್ಲಿ ಒಂದು ಹೋಟೆಲಿನಲ್ಲಿ ಇಟ್ಟುಕೊಂಡು ಕಾವಲು ಕಾದರು. ರಾಜ್ಯಪಾಲ ತಪಾಸೆ ಪ್ರಮಾಣವಚನ ಬೋಧಿಸಿದ್ದು ಮಾತ್ರ ಭಜನ್‌ಲಾಲ್‌ಗೆ. ರಾಜಭವನದಲ್ಲೇ ರಾಜ್ಯಪಾಲರ ಗದ್ದ ಹಿಡಿದು ಜಗಳಕ್ಕೆ ನಿಂತರು ನಮ್ಮ ದೊಡ್ಡಪ್ಪ. ಮಾಡಬಾರದ ಕೆಲಸ. ಆದರೆ ಓದುವಾಗ ನಗು ಬರುತ್ತೆ, ಏನು ಮಾಡೋದು.

ಆ ಅವಮಾನದ ಬಡ್ಡಿ ಐದು ವರ್ಷ ಬಿಟ್ಟು ವಸೂಲಾಯಿತು. ಪಂಜಾಬ್ ವಿಚಾರವಾಗಿ 1985ರಲ್ಲಿ ಆದ ರಾಜೀವ್-ಲೋಂಗೊವಾಲ್ ಒಪ್ಪಂದದಿಂದ ಹರಿಯಾಣದ ನೀರಿಗೆ, ನೆಲಕ್ಕೆ ಅನ್ಯಾಯ ಆಗುತ್ತೆ ಅಂತ ‘ನ್ಯಾಯ ಯುದ್ಧ’ ಹೂಡಿ ಹಳ್ಳಿ ಹಳ್ಳಿ ಸುತ್ತಿದರು. ಭಾಷಣಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಅವರು ಕೂರುವ ರೀತಿ. ಹಗ್ಗದ ಮಂಚ, ಹುಕ್ಕಾ, ಸುತ್ತ ಪೇಟ ಕಟ್ಟಿದ ಮುದುಕರು. 1987ರ ಚುನಾವಣೆಯಲ್ಲಿ 90 ಸೀಟುಗಳ ಪೈಕಿ ಕಾಂಗ್ರೆಸ್ಸಿಗೆ ಉಳಿದಿದ್ದು 5!

ಮುಖ್ಯಮಂತ್ರಿ ಆದಕೂಡಲೇ 65 ದಾಟಿದ ಹಿರಿಯರಿಗೆ ತಿಂಗಳಿಗೆ 100 ರೂಪಾಯಿ ಪಿಂಚಣಿ ಕೊಟ್ಟರು. ನನ್ನ ಕೇಳಿದರೆ ಅವರ ಜೀವಮಾನದ ಒಳ್ಳೆ ಕೆಲಸ ಇದೇ. ಸಾಲ ಮನ್ನಾಕ್ಕಿಂತ ದೊಡ್ಡದು. ರೈತರ ಮನೆಯಲ್ಲಿ ವಯಸ್ಸಾದವರ ಸ್ಥಿತಿ ನೋಡಿದವರಿಗೆ ಗೊತ್ತು. ಪಹಣಿ ಮಕ್ಕಳ ಹೆಸರಿಗೆ ಆದ ದಿನದಿಂದ ಎಲೆ ಅಡಿಕೆಗೂ ಕೈ ಚಾಚಬೇಕು. ಆ ನೂರು ರೂಪಾಯಿಯನ್ನು ಮಗ ಕೊಡಲಿಲ್ಲ, ಸೊಸೆ ಕೊಡಲಿಲ್ಲ. ಅದಕ್ಕೆ ಲೆಕ್ಕ ಕೇಳೋರು ಯಾರೂ ಇಲ್ಲ. ಆ ಪಿಂಚಣಿ ಹರಿಯಾಣದಲ್ಲಿ ಇವತ್ತಿಗೂ ಇದೆ, ಬೆಳೆದಿದೆ. ಮುಂದೆ ಬಂದ ಯಾವ ಪಕ್ಷಕ್ಕೂ ಅದನ್ನು ಮುಟ್ಟುವ ಧೈರ್ಯ ಬರಲಿಲ್ಲ.

ಮನ್ನಾ ಹಾಗಲ್ಲ. ಅದು ಒಂದು ಸಲ ಬಂದು ಹೋಗುವ ಮಳೆ. ಕಟ್ಟಿದವನು ಪೆದ್ದ, ಕಟ್ಟದವನು ಜಾಣ ಅಂತ ಊರಿಗೆಲ್ಲ ಪಾಠ ಹೇಳಿ ಹೋಗುತ್ತೆ. ಹಾಗಂತ ನಗರದಲ್ಲಿ ಕೂತು ‘ರೈತರಿಗೆ ಪುಕ್ಕಟೆ’ ಅಂತ ಮೂಗು ಮುರಿಯೋರ ಜೊತೆ ನಾನಿಲ್ಲ. ಅವತ್ತು ಮನ್ನಾ ಆಗದಿದ್ದರೆ ಎಷ್ಟು ಮನೆ ಮುರಿಯುತ್ತಿತ್ತೋ. ನನ್ನ ತಕರಾರು ಬೇರೆ. ರೈತನ ಕಷ್ಟ ಅಷ್ಟು ಹತ್ತಿರದಿಂದ ಗೊತ್ತಿದ್ದ ಮನುಷ್ಯ ಕೃಷಿ ಮಂತ್ರಿಯೂ ಆಗಿದ್ದಾಗ, ಬೆಳೆದ ಮಾಲಿಗೆ ನ್ಯಾಯವಾದ ಬೆಲೆ ಸಿಗೋ ದಾರಿಗೆ ಅಷ್ಟೇ ಹಟ ಹಿಡಿದಿದ್ದರೆ? ಆಮೇಲೆ ಬಂದವರಿಗೆಲ್ಲ ಮನ್ನಾ ಸುಲಭದ ದಾರಿ ಆಗಿಬಿಟ್ಟಿತು. 2008ರಲ್ಲಿ ಕೇಂದ್ರ ಮಾಡಿತು, 2018ರಲ್ಲಿ ನಮ್ಮ ರಾಜ್ಯವೂ ಮಾಡಿತು.

ಇನ್ನು 1989ರ ಡಿಸೆಂಬರ್ 1. ನನಗೆ ತುಂಬ ಇಷ್ಟವಾದ ಕಥೆ. ಸಂಸತ್ತಿನ ಸೆಂಟ್ರಲ್ ಹಾಲ್. ಪ್ರಧಾನಿ ಆಗಬೇಕಾದ ನಾಯಕನ ಆಯ್ಕೆ. ವಿ.ಪಿ. ಸಿಂಗ್ ಎದ್ದು ದೇವಿಲಾಲ್ ಹೆಸರು ಸೂಚಿಸಿದರು. ವಿ.ಪಿ. ಸಿಂಗ್ ಪ್ರಧಾನಿ ಆಗೋದು ಬೇಡವಾಗಿದ್ದ ಚಂದ್ರಶೇಖರ್ ಅನುಮೋದಿಸಿದರು. ಆಯ್ಕೆ ಮುಗಿಯಿತು. ಪ್ರಧಾನಿ ಪಟ್ಟ ಕೈಯಲ್ಲಿದೆ. ದೇವಿಲಾಲ್ ಎದ್ದು ಧನ್ಯವಾದ ಹೇಳಿ, ಹರಿಯಾಣದಲ್ಲಿ ನನ್ನನ್ನು ತಾಊ ಅಂತಾರೆ, ನಾನು ತಾಊ ಆಗಿಯೇ ಇರ್ತೀನಿ ಅಂದು ವಿ.ಪಿ. ಸಿಂಗ್ ಹೆಸರು ಮುಂದಿಟ್ಟು ಕೂತರು. ಮೊದಲೇ ಮಾತಾಡಿಕೊಂಡಿದ್ದ ಆಟ ಅದು. ಗೊತ್ತಿಲ್ಲದ ಚಂದ್ರಶೇಖರ್ ಸಿಟ್ಟಾಗಿ ಎದ್ದು ಹೋದರು. ಆಟವೇ ಇರಬಹುದು. ಆದರೂ ಪ್ರಧಾನಿ ಆಗೋ ಅವಕಾಶ ಎದುರಿಗಿಟ್ಟುಕೊಂಡು ಬೇಡ ಅನ್ನೋಕೆ ಎದೆ ಬೇಕು, ಅಲ್ವಾ?

ಮರುದಿನ ಪ್ರಮಾಣವಚನ. ರಾಷ್ಟ್ರಪತಿ ವೆಂಕಟರಾಮನ್ ‘ಮಂತ್ರಿ’ ಅಂತ ಹೇಳಿಕೊಡುತ್ತಾರೆ, ಇವರು ‘ಉಪಪ್ರಧಾನ ಮಂತ್ರಿ’ ಅನ್ನುತ್ತಾರೆ. ತಿದ್ದಿದರೂ ಮತ್ತೆ ಅದೇ. ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಪ್ರಮಾಣ ಊರ್ಜಿತ ಅಂತ ತೀರ್ಪು ಬಂತು. ಪ್ರಧಾನಿ ಪಟ್ಟ ಬೇಡ ಅಂದವರು ‘ಉಪ’ವನ್ನು ಬಿಡಲಿಲ್ಲ ನೋಡಿ.

ಅದೇ ಡಿಸೆಂಬರ್ 2ರಂದು ಚಂಡೀಗಢದಲ್ಲಿ ಇನ್ನೊಂದು ಪ್ರಮಾಣವಚನ ನಡೆಯಿತು. ಅಪ್ಪ ಬಿಟ್ಟ ಮುಖ್ಯಮಂತ್ರಿ ಕುರ್ಚಿಯಲ್ಲಿ ಮಗ ಓಂ ಪ್ರಕಾಶ್ ಚೌತಾಲಾ ಕೂತರು. ದೇಶದ ಕುರ್ಚಿ ಬೇಡ ಅಂದ ಮರುದಿನವೇ ರಾಜ್ಯದ ಕುರ್ಚಿ ಮನೆಯೊಳಗೆ ಹೋಯಿತು.

ಅಲ್ಲಿಂದ ಇಳಿಜಾರು. ಮಗ ಶಾಸಕ ಆಗಬೇಕಿತ್ತು. ಅಪ್ಪ ಖಾಲಿ ಮಾಡಿದ್ದ ಮೆಹಮ್ ಕ್ಷೇತ್ರದಲ್ಲಿ ನಿಂತರು. ಅಲ್ಲಿನ ಹಳ್ಳಿಗಳ ಪಂಚಾಯ್ತಿ ಬೇರೆಯವರ ಪರ ನಿಂತಿತು. 1990ರ ಫೆಬ್ರವರಿಯಲ್ಲಿ ಮತಗಟ್ಟೆ ವಶ, ಗುಂಡು, ಸಾವು. ಸತ್ತವರೂ ದೇವಿಲಾಲರಿಗೆ ಓಟು ಹಾಕುತ್ತಿದ್ದ ಊರಿನವರೇ. ಚುನಾವಣೆ ರದ್ದಾಯಿತು. ಮಗ ಕುರ್ಚಿ ಬಿಟ್ಟರು, ಮತ್ತೆ ಹತ್ತಿದರು, ಮತ್ತೆ ಬಿಟ್ಟರು. ಆಗಸ್ಟ್ 1ಕ್ಕೆ ವಿ.ಪಿ. ಸಿಂಗ್ ದೇವಿಲಾಲರನ್ನು ಸಂಪುಟದಿಂದ ಕೈಬಿಟ್ಟರು. ಅವರು ರೈತರ ರ‍್ಯಾಲಿ ಕರೆದರೆ, ಅದಕ್ಕೆ ಎರಡು ದಿನ ಮೊದಲು, ಆಗಸ್ಟ್ 7ಕ್ಕೆ, ಸರ್ಕಾರ ಹಿಂದುಳಿದ ವರ್ಗಗಳ ಮೀಸಲಾತಿಯ ಮಂಡಲ್ ವರದಿ ಜಾರಿ ಘೋಷಿಸಿತು. ದೇಶದ ಮಾತೇ ಬದಲಾಯಿತು. (ಮಗನ ಮೇಲಿನ ಮೋಹ ಹರಿಯಾಣಕ್ಕೆ ಮಾತ್ರ ಸೀಮಿತ ಅಂತ ನಾನು ಹೇಳ್ತಾ ಇಲ್ಲ. ಕಾಮೆಂಟಿನಲ್ಲಿ ಹೆಸರು ಹಾಕಬೇಡಿ, ನಂಗೂ ಗೊತ್ತು.)

ವಿ.ಪಿ. ಸಿಂಗ್ ನಂತರ ಪ್ರಧಾನಿಯಾದ ಚಂದ್ರಶೇಖರ್ ಜೊತೆ ದೇವಿಲಾಲ್ ಮತ್ತೊಮ್ಮೆ ಉಪಪ್ರಧಾನಿ ಆದರು, ಕೆಲವು ತಿಂಗಳು. ಆಮೇಲೆ ರೋಹತಕ್‌ ಲೋಕಸಭಾ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಭೂಪಿಂದರ್ ಹೂಡಾ ಎದುರು ಮೂರು ಸಲ ಸೋತರು. 1998ರಲ್ಲಿ ಸೋತಿದ್ದು ಬರೀ 383 ಮತದಿಂದ. ಎಂಬತ್ತು ದಾಟಿದ ಮನುಷ್ಯ!

2001ರ ಏಪ್ರಿಲ್ 6ಕ್ಕೆ ತೀರಿಕೊಂಡರು. ಪೇಪರಿನಲ್ಲಿ ಫೋಟೋ ಬಂದಿತ್ತು. ಅಜ್ಜನಿಗೆ ತೋರಿಸಿದೆ. ಕನ್ನಡಕ ಹಣೆಗೇರಿಸಿ, ಪೇಪರನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

“ಸಾಲ ಮನ್ನಾ ಮಾಡ್ಸಿದ್ದು ಇವ್ನೇ ಅಲ್ವೇನೋ?”

“ಹೌದಜ್ಜ.”

“ಒಳ್ಳೆ ಮನ್ಷ. ಪಾಪ.” ಪೇಪರು ಮಡಚಿ ಕೊಟ್ಟರು. ಸ್ವಲ್ಪ ಹೊತ್ತು ಬಿಟ್ಟು ಹಟ್ಟಿ ಕಡೆ ನೋಡುತ್ತಾ ಅಂದರು, “ಆ ಬಲಗಡೆ ಎತ್ತು ಹೆಸರು ಹಿಡಿದು ಕರೆದ್ರೆ ತಿರುಗಿ ನೋಡ್ತಿತ್ತು ಕಣೋ.”